ಈನಕ್ ಪರ್ಡಿಯ ಕಲ್ಲಿನೆದುರು ನಿಂತ ಟ್ರ್ಯಾಕ್ಟರ್

ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರ್ ಮೊದಲ ಸಲ ನಿಂತಾಗ ಲಯನೆಲ್ ಟ್ರಾಸ್ಕ್ ಪೆಟ್ರೋಲ್ ಮುಗಿದಿರಬೇಕು ಅಂದುಕೊಂಡ. ಎರಡನೇ ಸಲ ನಿಂತಾಗ ಪೆಟ್ರೋಲಿನಲ್ಲಿ ನೀರು ಸೇರಿರಬೇಕು ಅಂದುಕೊಂಡ. ಮೂರನೇ ಸಲವೂ ಅದೇ ಜಾಗದಲ್ಲಿ, ಈನಕ್ ಪರ್ಡಿಯ ಗೋರಿಗಲ್ಲಿನ ಎದುರಿಗೇ ಗಕ್ಕನೆ ನಿಂತಾಗ ಅವನಿಗೆ ಏನನ್ನೂ ಅಂದುಕೊಳ್ಳುವ ಧೈರ್ಯ ಉಳಿಯಲಿಲ್ಲ.

ಬೆಳಗಿನ ಹತ್ತು ಗಂಟೆ. ಚಳಿ ಶುರುವಾಗುವ ಮೇ ತಿಂಗಳಲ್ಲಿ ನಮ್ಮ ಕೂರಾಲ ಊರಿಗೆ ಮಂಜು ಬಂದರೆ ಬಾಡಿಗೆ ಮನೆಗೆ ಬಂದ ನೆಂಟರ ಹಾಗೆ, ಮಧ್ಯಾಹ್ನವಾದರೂ ಏಳುವುದಿಲ್ಲ. ಸ್ಮಶಾನದ ಸುತ್ತಲಿನ ನೀಲಗಿರಿ ಮರಗಳಿಗೆ ಬುಡ ಮಾತ್ರ ಇತ್ತು, ತಲೆ ಇರಲಿಲ್ಲ. ದಿನಾ ಕಿವಿ ತೂತು ಮಾಡುವ ಹಕ್ಕಿಗಳೂ ಅಂದು ಬಾಯಿ ಮುಚ್ಚಿಕೊಂಡಿದ್ದವು.

ಲಯನೆಲ್ ಕೆಳಗಿಳಿದ. ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಉಜ್ಜಿ, ಮತ್ತೆ ಹಾಕಿದ. ಹತ್ತಿ ಕೂತು ಕೀಲಿ ತಿರುಗಿಸಿದರೆ, ಏನೂ ಆಗಿಯೇ ಇಲ್ಲ ಎಂಬಂತೆ ಎಂಜಿನ್ ಗುಡುಗುಡು ಅಂದಿತು. ಸಾಲಿನ ಕೊನೆಗೆ ಹೋಗಿ ತಿರುಗಿ ಬಂದ. ಈನಕ್‌ನ ಕಲ್ಲು ಬಂತು. ಎಂಜಿನ್ ಸತ್ತಿತು. ಅದರ ಹಿಂದೆಯೇ ಬಂದ ನಿಶ್ಶಬ್ದದಲ್ಲಿ, ಯಾರೋ ಪಕ್ಕದಲ್ಲೇ ಉಸಿರು ಬಿಟ್ಟಂತಾಯಿತು.

ಈ ಟ್ರ್ಯಾಕ್ಟರ್ ಮೇಲೆ ಮೂವತ್ತೊಂದು ವರ್ಷ ಕೂತು ಸ್ಮಶಾನದ ಹುಲ್ಲು ಕತ್ತರಿಸಿದವನು ಈ ಈನಕ್ ಪರ್ಡಿಯೇ. ಹೋದ ತಿಂಗಳು ತೀರಿಕೊಂಡ. ಇನ್ನು ಮುಂದೆ ಯಾರು ಅಂತ ತೀರ್ಮಾನಿಸಲು ಊರವರು ಸಭೆ ಕರೆದರು. ಆ ದಿನ ಸಭೆಗೆ ಬರದಿದ್ದವನು ನಿವೃತ್ತ ಪೋಸ್ಟ್‌ಮನ್ ಲಯನೆಲ್ ಒಬ್ಬನೇ. ಹಾಗಾಗಿ ಅವನೇ ಸರ್ವಾನುಮತದಿಂದ ಆಯ್ಕೆಯಾದ. ಇಂದು ಎರಡು ಗಂಟೆಗೆ ಬೇಕರಿಯ ಮುದುಕಿ ಹಿಲ್ಡಾ ಕ್ರೋಳ ಅಂತ್ಯಕ್ರಿಯೆ. "ನನ್ನನ್ನ ಪೊದೆಯೊಳಗೆ ಹೂಳಿದ್ರೆ ಎದ್ದು ಬರ್ತೀನಿ" ಅಂತ ಆಕೆ ಆಸ್ಪತ್ರೆಯಿಂದಲೇ ಹೇಳಿ ಕಳಿಸಿದ್ದಳು. ಹುಲ್ಲೋ, ಮೊಣಕಾಲಿನವರೆಗೆ ಬೆಳೆದಿತ್ತು.

"ನಾಲ್ಕನೇ ಸಲ!" ಮಂಜಿನೊಳಗಿಂದ ದನಿ ಬಂತು.

ಲಯನೆಲ್‌ನ ಟೋಪಿ ಕೈಯಿಂದ ಬಿತ್ತು. ಬಂದವಳು ಎದುರು ಮನೆಯ ಡಲ್ಸಿ ಫಿಂಚ್. ಅಡುಗೆಮನೆ ಕಿಟಕಿಯಿಂದ ಇಡೀ ಸ್ಮಶಾನದ ಯೋಗಕ್ಷೇಮ ನೋಡಿಕೊಳ್ಳುವವಳು. ಕೈಯಲ್ಲಿ ಟೀ ಫ್ಲಾಸ್ಕು.

"ಎಣಿಸ್ತಾ ಇದ್ದೆ ಕಣೋ. ನಾಲ್ಕು ಸಲವೂ ಇಲ್ಲೇ. ಅವನಿಗೆ ಇಷ್ಟ ಇಲ್ಲ ಅಂತ ಗೊತ್ತಾಗಲ್ವಾ?"

"ಯಾರಿಗೆ?"

ಡಲ್ಸಿ ಗದ್ದದಲ್ಲೇ ಕಲ್ಲಿನತ್ತ ತೋರಿಸಿದಳು. "ಬದುಕಿದ್ದಾಗ ಇದರ ಮೇಲೆ ಒಬ್ಬರನ್ನಾದರೂ ಕೂರಿಸಿದ್ನಾ? ಹೆಂಡತಿ ಐಲ್ಸಾಗೂ ಮುಟ್ಟೋಕೆ ಬಿಡ್ತಿರಲಿಲ್ಲ. ಈಗ ನೀನು ಅವನ ತಲೆ ಮೇಲೇ ಓಡಿಸ್ತಿದೀಯ."

"ಕಾರ್ಬ್ಯುರೇಟರ್‌ನಲ್ಲಿ ಕಸ ಇರುತ್ತೆ ಅಷ್ಟೆ."

"ಕಸಕ್ಕೆ ಕಲ್ಲಿನ ಮೇಲಿನ ಹೆಸರು ಓದೋಕೆ ಬರುತ್ತಾ?"

ಲಯನೆಲ್ ಗ್ಯಾರೇಜಿನ ಸ್ತಾವ್ರೋಸ್‌ಗೆ ಫೋನ್ ಮಾಡಿದ.

ಸ್ತಾವ್ರೋಸ್ ಬರುವಷ್ಟರಲ್ಲಿ ಹನ್ನೊಂದೂವರೆ. ಒದ್ದೆ ಹುಲ್ಲಿನಲ್ಲಿ ಗೊಣಗುತ್ತಾ ಮಂಡಿಯೂರಿ ಟ್ಯಾಂಕಿನ ಮುಚ್ಚಳದ ಸಣ್ಣ ತೂತು ಊದಿ ನೋಡಿದ, ಗಾಳಿ ಫಿಲ್ಟರ್ ಕೊಡವಿದ, ಪೆಟ್ರೋಲ್ ಪೈಪನ್ನು ಹಿಂಡಿ ನೋಡಿದ. "ಇದಕ್ಕೇನೂ ಆಗಿಲ್ಲ ಮಾರಾಯ. ನನ್ನ ಮಾವನಿಗಿಂತ ಗಟ್ಟಿಯಾಗಿದೆ," ಅಂದು ತಾನೇ ಹತ್ತಿ ಕೂತು ಹೊರಟ. ಈನಕ್‌ನ ಕಲ್ಲಿನ ಮುಂದೆ ಹೋದ, ಬಂದ, ಮತ್ತೆ ಹೋದ, ಬಂದ. ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ.

ಲಯನೆಲ್ ಹತ್ತಿದ. ಕಲ್ಲಿನೆದುರು ಬಂದ. ಎಂಜಿನ್ ನಿಂತಿತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲೆಯ ತುದಿಯಿಂದ ಒಂದು ಹನಿ ಕಲ್ಲಿನ ಮೇಲೆ ಬಿದ್ದ ಸದ್ದೂ ಕೇಳಿಸಿತು.

"ಟ್ರ್ಯಾಕ್ಟರ್ ಸರಿಯಾಗೇ ಇದೆ. ಅವನಿಗೆ ಆಗದೇ ಇರೋದು ನೀನೇ," ಅಂದಳು ಡಲ್ಸಿ. ದನಿಯಲ್ಲಿ ಸಂತೋಷ ಮುಚ್ಚಿಡಲಾಗಲಿಲ್ಲ. "ಏನ್ ಮಾಡಿದ್ದೆ ಅವನಿಗೆ? ಹೇಳ್ಬಿಡು."

"ನಾನೇನು ಮಾಡಿದೀನಿ? ಏನೂ ಇಲ್ಲ," ಅಂದ ಲಯನೆಲ್. ಅವನ ಕಿವಿ ಕೆಂಪಾಯಿತು.

ಮಾಡಿದ್ದ. ಹನ್ನೊಂದು ವರ್ಷದ ಹಿಂದೆ, ಪೋಸ್ಟ್‌ಮನ್ ಆಗಿದ್ದಾಗ, ಈನಕ್‌ನ ಮನೆಯ ಮಫಿನ್ ಎಂಬ ಬಿಳೀ ನಾಯಿ ನಾಲ್ಕು ಸಲ ಅವನ ಕಾಲಿಗೆ ಬಾಯಿ ಹಾಕಿತ್ತು. ನಾಲ್ಕನೆಯ ಸಲ ಹೊಸ ಪ್ಯಾಂಟೂ ಹರಿಯಿತು. ಆ ಸಿಟ್ಟಿನಲ್ಲಿ ಪುರಸಭೆಗೆ ಹೆಸರು ಹಾಕದೆ ಒಂದು ಅರ್ಜಿ ಬರೆದ. ವಾರದಲ್ಲಿ ವ್ಯಾನು ಬಂದು ನಾಯಿಯನ್ನು ಹಿಡಿದುಕೊಂಡು ಹೋಯಿತು. ಆಮೇಲೆ ದಾರಿಯಲ್ಲಿ ಸಿಕ್ಕಾಗಲೆಲ್ಲ ಈನಕ್ ಅವನನ್ನು ನೋಡಿ ಸುಮ್ಮನೆ ನಗುತ್ತಿದ್ದ. ಗೊತ್ತಾಗಿದೆಯೋ ಇಲ್ಲವೋ ಎಂಬುದು ಆ ನಗುವಿನಲ್ಲಿ ತಿಳಿಯುತ್ತಿರಲಿಲ್ಲ. ಬೆನ್ನುನೋವೆಂದು ಸುಳ್ಳು ಹೇಳಿ ಲಯನೆಲ್ ಅವನ ಅಂತ್ಯಕ್ರಿಯೆಗೂ ಹೋಗಿರಲಿಲ್ಲ.

"ಇನ್ನೊಂದು ಸಲ ಹೋಗು. ನಾನು ಹಿಂದಿನಿಂದ ನೋಡ್ತೀನಿ," ಅಂದ ಸ್ತಾವ್ರೋಸ್.

ಲಯನೆಲ್ ಹೋದ. ಎಂಜಿನ್ ನಿಂತಿತು. ಸ್ತಾವ್ರೋಸ್ ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೇ ಕೂತುಬಿಟ್ಟ.

"ಏಯ್, ಕಲ್ಲು ಬಂದಾಗ ನೀನು ಏನ್ ಮಾಡ್ತೀಯ ಗೊತ್ತಾ? ಟೋಪಿ ತೆಗೆದು, ಅಂಡು ಎತ್ತಿ, ಅರ್ಧ ಎದ್ದು ನಿಲ್ತೀಯ! ಸೀಟಿನ ಕೆಳಗೆ ಒಂದು ಸ್ವಿಚ್ ಇದೆ ಕಣೋ. ಕೂತವನು ಬಿದ್ದುಹೋದ್ರೆ ಬ್ಲೇಡಿಗೆ ಸಿಗಬಾರದು ಅಂತ, ಸೀಟು ಹಗುರ ಆದ ತಕ್ಷಣ ಎಂಜಿನ್ ನಿಲ್ಲಿಸುತ್ತೆ. ನಿನ್ನ ಮರ್ಯಾದೆಯೇ ನಿನ್ನ ಗಾಡಿ ನಿಲ್ಲಿಸ್ತಿರೋದು!"

ಡಲ್ಸಿಯ ಮುಖ ಬಾಡಿತು. ಫ್ಲಾಸ್ಕು ಎತ್ತಿಕೊಂಡು ಮನೆಗೆ ಹೊರಟೇಹೋದಳು.

ಇನ್ನು ಏಳಬಾರದು ಎಂದು ಲಯನೆಲ್ ಹಲ್ಲು ಕಚ್ಚಿ ಕೂತು ಹೋದ. ಕಲ್ಲು ಹತ್ತಿರ ಬಂದಂತೆ ಕೈ ಟೋಪಿಗೆ ಹೋಯಿತು. ಅಂಡು ತಾನಾಗಿಯೇ ಎದ್ದಿತು. ಎಂಜಿನ್ ನಿಂತಿತು. ಎರಡು ಸಲ ಹೀಗೇ ಆಯಿತು. ಆಗಲೇ ಹನ್ನೆರಡೂವರೆ.

"ನಿನ್ನ ದೇಹಕ್ಕೆ ನನ್ನಲ್ಲಿ ರಿಪೇರಿ ಇಲ್ಲ," ಅಂದು ಸ್ತಾವ್ರೋಸ್ ಸೀಟಿನ ಕೆಳಗಿನ ಎರಡು ವೈರು ಸೇರಿಸಿ ತಿರುಚಿದ. "ಮಾಡಬಾರದ ಕೆಲಸ ಇದು. ಹಿಲ್ಡಾಳ ಮುಖ ನೋಡಿ ಮಾಡಿದೀನಿ. ಈಗ ಎಷ್ಟು ಬೇಕಾದ್ರೂ ಎದ್ದು ನಿಲ್ಲು. ಬೀಳಬೇಡ ಮಾತ್ರ, ಇದು ನಿಲ್ಲಲ್ಲ. ಸಂಜೆ ಬಂದು ಬಿಚ್ತೀನಿ." ಅವನ ವ್ಯಾನಿನ ಹಿಂದಿನ ಕೆಂಪು ದೀಪಗಳನ್ನು ಮಂಜು ನುಂಗಿತು.

ಒಂದು ಗಂಟೆಗೆ ಲಯನೆಲ್ ಒಬ್ಬನೇ. ಸಾಲಿನ ಮೇಲೆ ಸಾಲು ಮುಗಿಯಿತು. ಈನಕ್‌ನ ಕಲ್ಲಿನೆದುರು ಎದ್ದು ಟೋಪಿ ತೆಗೆದರೂ ಎಂಜಿನ್ ಓಡುತ್ತಲೇ ಇತ್ತು. ಬರೀ ವೈರಿನ ಆಟಕ್ಕೆ ಇಷ್ಟು ಹೆದರಿದೆನಲ್ಲಾ ಎಂದು ಅವನಿಗೆ ನಗು ಬಂತು. ಶಿಳ್ಳೆ ಹಾಕುತ್ತಾ ಕೊನೆಯ ಸಾಲಿಗೆ ತಿರುಗಿದ.

ಈನಕ್‌ನ ಕಲ್ಲಿನ ಪಕ್ಕದಲ್ಲಿ ಈನಕ್ ನಿಂತಿದ್ದ.

ಅವನು ದಿನಾ ತೊಡುತ್ತಿದ್ದ ಅದೇ ಪಾದದವರೆಗಿನ ಕಂದು ಮಳೆಕೋಟು. ಅದೇ ಅಗಲ ಅಂಚಿನ ಟೋಪಿ. ಮುಖವಿರಬೇಕಾದ ಕಡೆ ಮಂಜು. ಆಕೃತಿ ನಿಧಾನವಾಗಿ ಕೈ ಎತ್ತಿತು.

ಲಯನೆಲ್ ಟ್ರ್ಯಾಕ್ಟರ್‌ನಿಂದ ಹಾರಿ ಓಡಿದ. ಹತ್ತು ಹೆಜ್ಜೆಗೆ ಕಾಲಡಿಯಲ್ಲಿ ಟಾರ್ಪಾಲು ಮೆತ್ತಗೆ ಕುಸಿಯಿತು. ಹಿಲ್ಡಾಗಾಗಿ ನಿನ್ನೆ ತೋಡಿ ಮುಚ್ಚಿಟ್ಟಿದ್ದ ಗುಂಡಿ. ಟಾರ್ಪಾಲು ಸಮೇತ ಆರಡಿ ಕೆಳಗೆ ಹೋಗಿ ಕೂತ. ಮೂಳೆಯೇನೂ ಮುರಿಯಲಿಲ್ಲ. ಮೇಲೆ ಯಾರೂ ಇಲ್ಲದ ಟ್ರ್ಯಾಕ್ಟರ್ ತನ್ನಷ್ಟಕ್ಕೆ ತಾನೇ ಸುತ್ತು ಹಾಕುವ ಸದ್ದು, ಹತ್ತಿರ ಬಂದು, ದೂರ ಹೋಗಿ, ಮತ್ತೆ ಹತ್ತಿರ ಬರುತ್ತಿತ್ತು.

ಆಮೇಲೆ ಹೆಜ್ಜೆ ಸಪ್ಪಳ. ಗುಂಡಿಯ ಅಂಚಿನಲ್ಲಿ ಟೋಪಿ ಕಾಣಿಸಿತು. ಗುಂಡಿ ತೋಡಿದವರು ಬಿಟ್ಟುಹೋಗಿದ್ದ ಏಣಿ ಸದ್ದಿಲ್ಲದೆ ಕೆಳಗಿಳಿದು ಅವನ ಮುಂದೆ ನಿಂತಿತು. ಲಯನೆಲ್ ಏಣಿ ಹಿಡಿದ. ಹತ್ತಿದರೆ ಮೇಲೆ ಅವನಿದ್ದಾನೆ. ಹತ್ತದಿದ್ದರೆ ಹಿಲ್ಡಾ ಬರುತ್ತಾಳೆ.

"ಈನಕ್, ನನ್ನನ್ನ ಕ್ಷಮಿಸಿಬಿಡಪ್ಪಾ!" ಅವನು ಅತ್ತೇಬಿಟ್ಟ. "ಮಫಿನ್ ವಿಷಯ ಪುರಸಭೆಗೆ ಬರೆದವನು ನಾನೇ! ಹೆಸರು ಹಾಕಲಿಲ್ಲ, ಹೇಡಿ ನಾನು! ಹನ್ನೊಂದು ವರ್ಷದಿಂದ ಒಂದು ದಿನ ನೆಮ್ಮದಿಯಾಗಿ ಮಲಗಿಲ್ಲ!"

ಮೇಲೆ ಏಣಿಯ ತುದಿಯನ್ನು ಒಂದು ಕೈ ಬಿಗಿಯಾಗಿ ಹಿಡಿಯಿತು. ಆಮೇಲೆ ಟೋಪಿ ಸರಿಯಿತು. ಕೆಳಗೆ ಬೆಳ್ಳಿ ಕೂದಲು, ಚಳಿಗೆ ಕೆಂಪಾದ ಮೂಗು. ಅದು ಈನಕ್‌ನ ಹೆಂಡತಿ ಐಲ್ಸಾ.

"ನಾನು ಕಣೋ ಲಯನೆಲ್. ಹೂ ಇಡೋಕೆ ಬಂದೆ. ಥಂಡಿ ಅಂತ ಅವನ ಕೋಟು ಹಾಕ್ಕೊಂಡೆ." ಅವಳ ದನಿ ಮೃದುವಾಗಿತ್ತು. "ಇಷ್ಟು ವರ್ಷ ಸುಮ್ಮನೆ ಕೊರಗಿದ್ಯಲ್ಲೋ. ಈನಕ್‌ಗೆ ಆ ನಾಯಿ ಕಂಡ್ರೇ ಆಗ್ತಿರಲಿಲ್ಲ. ಅವನನ್ನೂ ಕಚ್ತಿತ್ತು. ಅರ್ಜಿ ಬರೆದ ಪುಣ್ಯಾತ್ಮ ಸಿಕ್ಕರೆ ಬಿಯರ್ ಕುಡಿಸ್ತೀನಿ ಅಂತ ಸಾಯೋವರೆಗೂ ಹೇಳ್ತಿದ್ದ."

ಲಯನೆಲ್‌ನ ಎದೆಯ ಮೇಲಿಂದ ಹನ್ನೊಂದು ವರ್ಷದ ಕಲ್ಲು ಉರುಳಿತು. ಅಳುವಿನ ಮಧ್ಯೆ ನಗು ಬಂತು. "ಹೌದಾ? ನಿಜವಾಗ್ಲೂ?" ಅನ್ನುತ್ತಾ ಒಂದು ಕಾಲೆತ್ತಿದ.

"ನಿಜವಾಗ್ಲೂ," ಅಂದಳು ಐಲ್ಸಾ. "ಮಫಿನ್ ನನ್ನ ನಾಯಿ."

ಅವನ ಕಾಲು ಮೆಟ್ಟಿಲಿಗೆ ತಾಗುವ ಮುಂಚೆ ಏಣಿ ಕೈಯಿಂದ ಜಾರಿತು. ಒಂದೊಂದೇ ಮೆಟ್ಟಿಲಾಗಿ ಮೇಲೇರಿ ಮಂಜಿನಲ್ಲಿ ಮರೆಯಾಯಿತು. ಹೆಜ್ಜೆ ಸಪ್ಪಳ ದೂರವಾಯಿತು. ಟ್ರ್ಯಾಕ್ಟರ್ ಇನ್ನೊಂದು ಸುತ್ತು ಮುಗಿಸಿತು. ಅಷ್ಟರಲ್ಲಿ ಸ್ಮಶಾನದ ಕಬ್ಬಿಣದ ಗೇಟು ಕಿರ್ರೆಂದು ತೆರೆದುಕೊಂಡಿತು. ಹಿಲ್ಡಾ ಕ್ರೋ ಎರಡು ಗಂಟೆಗೆ ಸರಿಯಾಗಿ ಬಂದಿದ್ದಳು.