ಫೇರ್ ಟ್ರೇಡ್ ಚಹಾ ಮತ್ತು ಒಗ್ಗರಣೆ ಡಬ್ಬಿಯ ಚಮಚ

ಹೇಳಿದ ಬೆಲೆಗೇ ಒಂದು ವಸ್ತುವನ್ನು ಕೊಂಡು ಮನೆಗೆ ಬಂದರೆ ಆ ದಿನ ನನಗೆ ಊಟ ಸೇರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಕೆಲವರಿಗೆ ಸಕ್ಕರೆ ಕಾಯಿಲೆ ಇರುವಂತೆ ನನಗೆ ಇದಿದೆ. ದಾವಣಗೆರೆಯಿಂದ ದೆಹಲಿಗೆ ಬಂದ ಹೊಸದರಲ್ಲಿ ಲಕ್ಷ್ಮೀ ನಗರದಲ್ಲಿ ಒಂದು ಕೋಣೆ ಹಿಡಿದೆ. ಕಿಟಕಿಯಿಲ್ಲವೆಂದು ಬಾಡಿಗೆ ಇಳಿಸಿದೆ. ಆರು ತಿಂಗಳಾದ ಮೇಲೆ ಮಾಲೀಕ ಕಿಟಕಿ ಇಡಿಸಿದಾಗ, ಅದರಿಂದ ಗದ್ದಲ ಬರುತ್ತದೆಂದು ಇನ್ನಷ್ಟು ಇಳಿಸಿದೆ. ಈ ಬಾಯಿಯ ಬಲದಿಂದಲೇ ಗುಮಾಸ್ತನಾಗಿದ್ದವನು ಇಂದು ಹರಿಯಾಣದ ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಖರೀದಿ ವಿಭಾಗದ ಮುಖ್ಯಸ್ಥನಾಗಿದ್ದೇನೆ. ಕಿರಿಯರಿಗೆ, ಅವರು ಕೇಳದಿದ್ದರೂ, ಸಲಹೆ ಕೊಡುತ್ತೇನೆ. ಬೆಲೆ ಇಳಿಯದಿದ್ದರೆ ಅಳತೆಯ ಕಡೆ ನೋಡಿ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಅದನ್ನು ಈಗ ಹಿಂತೆಗೆದುಕೊಳ್ಳುತ್ತಿದ್ದೇನೆ. ಕಾರಣ ಹೇಳದೆ ಹಿಂತೆಗೆದುಕೊಂಡರೆ ಯಾರೂ ನಂಬುವುದಿಲ್ಲ, ಆದ್ದರಿಂದ ಹೇಳುತ್ತೇನೆ.

ನಮ್ಮ ಮಾಲು ಕೊಳ್ಳುವ ಹೊರದೇಶದ ಕಂಪನಿಯೊಂದು ಹೋದ ವರ್ಷ ಉದ್ದನೆಯ ಪ್ರಶ್ನಾವಳಿ ಕಳಿಸಿತು. ಹೊಗೆ, ಕೊಳೆನೀರು, ಶೌಚಾಲಯ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ, ನಿಮ್ಮ ಕಚೇರಿಯ ಚಹಾ ಕಾಫಿ ಫೇರ್ ಟ್ರೇಡ್ ಆಗಿದೆಯೇ ಎಂದು ಕೇಳಿತ್ತು. ಅಂದರೆ ಬೆಳೆದವರಿಗೆ, ಎಲೆ ಕಿತ್ತವರಿಗೆ ನ್ಯಾಯವಾದ ಬೆಲೆ ಸಿಕ್ಕಿದೆಯೇ ಎಂದು. ನ್ಯಾಯಬೆಲೆ ಎಂದರೆ ನನಗೆ ನೆನಪಾಗುವುದು ಚಿಕ್ಕಂದಿನಲ್ಲಿ ಸೀಮೆಎಣ್ಣೆ ಡಬ್ಬ ಹಿಡಿದು ನಿಂತ ಸಾಲು. ಅಲ್ಲಿ ನ್ಯಾಯವೆಂದರೆ ಬೆಲೆ ಕಡಿಮೆ. ಇಲ್ಲಿ ನ್ಯಾಯವೆಂದರೆ ಬೆಲೆ ಜಾಸ್ತಿ. ನಮ್ಮ ನಿರ್ದೇಶಕರಾದ ಚೋಪ್ರಾ ಸಾಹೇಬರು ಕಾಗದ ನೋಡಿ, “ಹೌದು ಅಂತ ಬರೆದುಬಿಡಿ, ಆಮೇಲೆ ಹೌದು ಮಾಡಿ. ಖರ್ಚು ಮಾತ್ರ ಏರಬಾರದು” ಅಂದರು.

ಫೇರ್ ಟ್ರೇಡ್ ಚಹಾ ಮಾರುವ ಕಂಪನಿಯಿಂದ ಮಾದರಿ ಪೊಟ್ಟಣಗಳನ್ನು ಹಿಡಿದು ನೇಹಾ ಎಂಬ ಹುಡುಗಿ ಬಂದಳು. ನನ್ನ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ಎಲೆಯನ್ನು ಮೂಸಿ ಮುಖ ಸಿಂಡರಿಸಿದೆ. ಬೇರೆಯವರು ಅರ್ಧಕ್ಕೇ ಕೊಡುತ್ತಾರೆ ಅಂದೆ. ಕೊನೆಗೆ, “ಬೇಡ ಬಿಡಿ” ಎಂದು ಎದ್ದು ಹೊರಟೂಬಿಟ್ಟೆ. ಬಾಗಿಲ ತನಕ ಹೋದ ಮೇಲೆ ಅದು ನನ್ನದೇ ಕೋಣೆ ಎಂದು ನೆನಪಾಯಿತು. ವಾಪಸ್ ಬಂದು ಕೂರುವವರೆಗೆ ಅವಳು ತಾಳ್ಮೆಯಿಂದ ಕಾದಳು. ಆಮೇಲೆ, “ಅಚ್ಛಾ ಸರ್, ಕಡಿಮೆ ಮಾಡ್ತೀನಿ. ಅದನ್ನ ಯಾರಿಂದ ತೆಗೀಲಿ ಅಂತ ನೀವೇ ಹೇಳಿಬಿಡಿ. ಗಿಡ ನೆಟ್ಟವರಿಂದಾನಾ, ಎಲೆ ಕೀಳೋರಿಂದಾನಾ?” ಅಂದಳು. ಇಷ್ಟು ವರ್ಷಗಳಲ್ಲಿ ಮಾರುವವರು ಯಾರೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಅವಳು ಹೇಳಿದ ಬೆಲೆಗೇ ಸಹಿ ಹಾಕಿದೆ.

ಆ ದಿನ ಊಟ ಸೇರಲಿಲ್ಲ. ತಟ್ಟೆಯ ಮುಂದೆ ಕೂತಾಗ ಕಣ್ಣಿಗೆ ಬಿದ್ದದ್ದು ಒಗ್ಗರಣೆ ಡಬ್ಬಿಯೊಳಗಿನ ಪುಟ್ಟ ಚಮಚ.

ನಮ್ಮ ಕಚೇರಿಯಲ್ಲಿ ಚಹಾ ಮಾಡುವವರು ಕಮಲೇಶ್ ಜೀ. ನಮ್ಮ ಕಡೆ ಅದು ಗಂಡಸಿನ ಹೆಸರು, ಹರಿಯಾಣದಲ್ಲಿ ಹೆಂಗಸರಿಗೂ ಇಡುತ್ತಾರೆ. ಹನ್ನೊಂದು ವರ್ಷದಿಂದ ಅವರ ಕೈಯ ಕಡಕ್ ಚಹಾ ಕುಡಿದೇ ಈ ಕಾರ್ಖಾನೆ ನಡೆದಿದೆ. ಅವರ ಡಬ್ಬದಲ್ಲಿ ಆಳವಾದ ಒಂದು ಸ್ಟೀಲ್ ಚಮಚವಿತ್ತು. ಲೋಟಕ್ಕೆ ಒಂದು ಚಮಚ ಚಹಾಸೊಪ್ಪು ಅವರ ಅಳತೆ. ಮರುದಿನ ಆ ಚಮಚ ತೆಗೆದು ಒಗ್ಗರಣೆ ಡಬ್ಬಿಯದನ್ನು ಇಟ್ಟೆ. “ಲೋಟಕ್ಕೆ ಒಂದೇ, ಮೊದಲಿನ ಹಾಗೇ” ಅಂದೆ. ದೊಡ್ಡ ಚಮಚ ಸುಮ್ಮನೆ ಬಿದ್ದಿರುವುದೇಕೆಂದು ಮನೆಗೆ ತಂದೆ. ಕಚೇರಿಯ ಒಲೆಯ ಮೇಲಿನ ಗೋಡೆಗೆ ನೇಹಾ ಕೊಟ್ಟ ಪೋಸ್ಟರ್ ಅಂಟಿಸಿದೆ: ಬೆನ್ನಿಗೆ ಬುಟ್ಟಿ ಕಟ್ಟಿದ ಹೆಂಗಸರು ನಗುತ್ತಿದ್ದಾರೆ, ಈ ಲೋಟದ ಹಿಂದೆ ದುಡಿದ ಎಲ್ಲರಿಗೂ ನ್ಯಾಯ ಸಿಕ್ಕಿದೆ ಎಂದು ಕೆಳಗೆ ಬರೆದಿದೆ. ಕಾಫಿಯ ಅಳತೆಗೆ ಮಾತ್ರ ಕೈ ಹಚ್ಚಲಿಲ್ಲ. ಕಚೇರಿಯಲ್ಲಿ ಕಾಫಿ ಕುಡಿಯುವವರು ಮೂವರೇ, ಅವರಲ್ಲಿ ನಾನೊಬ್ಬ.

ವಾರದೊಳಗೆ ದೂರು ಶುರುವಾಯಿತು. “ಕಮಲೇಶ್ ಜೀ, ಲೋಟ ತೊಳೆದ ನೀರನ್ನೇ ಕೊಟ್ರಾ?” ಎಂದು ಲೆಕ್ಕಪತ್ರದವರು ಕೇಳಿದರು. ಕಮಲೇಶ್ ಜೀಗೆ ವಯಸ್ಸಾಯಿತು, ಕೈರುಚಿ ಹೋಯಿತು ಎಂದರು ಇನ್ನು ಕೆಲವರು. ಮಾತು ಚೋಪ್ರಾ ಸಾಹೇಬರ ಕಿವಿಗೂ ಬಿತ್ತು. “ಹಾಗಾದರೆ ಮಷೀನ್ ಇಟ್ಟುಬಿಡೋಣ. ಗುಂಡಿ ಒತ್ತಿದರೆ ಚಹಾ, ಸಂಬಳದ ತಲೆನೋವೂ ಇಲ್ಲ” ಎಂದು ನನ್ನಿಂದಲೇ ಬೆಲೆಪಟ್ಟಿ ತರಿಸಿದರು. ಕಮಲೇಶ್ ಜೀ ಎರಡು ಸಲ ನನ್ನ ಮೇಜಿನ ಬಳಿ ಬಂದು ಚಮಚದ ಮಾತೆತ್ತಿದರು. ನಾಲಿಗೆಗೆ ಅಭ್ಯಾಸವಾಗಬೇಕು ಎಂದು ತಿಳಿಹೇಳಿ ಕಳಿಸಿದೆ. ಅಭ್ಯಾಸವಾಯಿತು ಕೂಡ. ಮುಂದಿನ ವಾರದಿಂದ ದೂರುಗಳು ನಿಂತವು. ಫೇರ್ ಟ್ರೇಡ್ ಅಂದರೆ ಸುಮ್ಮನೆಯಾ, ಎಂಥ ಸ್ವಾದ ಎಂದು ಲೆಕ್ಕಪತ್ರದವರೇ ಹೊಗಳಿದರು. ಮಷೀನಿನ ಬೆಲೆಪಟ್ಟಿ ಸಾಹೇಬರ ಮೇಜಿನ ಮೇಲೆ ಹಾಗೇ ಉಳಿಯಿತು. ತಿಂಗಳ ಸಭೆಯಲ್ಲಿ, ಬೆಲೆ ಏರಿದರೂ ಖರ್ಚು ಏರದಂತೆ ನೋಡಿಕೊಳ್ಳುವುದು ಹೇಗೆ ಎಂಬ ಬಗ್ಗೆ ನಾನು ಕಾಲು ಗಂಟೆ ಮಾತಾಡಿದೆ.

ಒಂದು ಬೆಳಿಗ್ಗೆ ಬೇಗ ಬಂದವನು ಅಡುಗೆಕೋಣೆಗೆ ಇಣುಕಿದೆ. ಕಮಲೇಶ್ ಜೀ ತಮ್ಮ ಕೈಚೀಲದಿಂದ ಗಂಟು ಹಾಕಿದ ಪ್ಲಾಸ್ಟಿಕ್ ಪೊಟ್ಟಣ ತೆಗೆದು ಕುದಿಯುವ ನೀರಿಗೆ ಸುರಿಯುತ್ತಿದ್ದರು.

“ಇದೇನು ಕಮಲೇಶ್ ಜೀ?”

“ಚಾಯ್‌ಪತ್ತಿ, ಸರ್ ಜೀ.”

“ನಾನು ಕೊಟ್ಟಿದ್ದೀನಲ್ಲ?”

“ಕೊಟ್ಟಿದ್ದೀರಿ. ಅಷ್ಟರಲ್ಲಿ ಹಾಲಿಗೆ ಬಣ್ಣ ಬರುತ್ತೆ, ಚಹಾ ಆಗಲ್ಲ. ಇದು ನಮ್ಮ ಗಲ್ಲಿ ಅಂಗಡೀದು.”

“ದುಡ್ಡು ಯಾರು ಕೊಟ್ರು?”

“ಅಂಗಡಿಯವನು ನನ್ನ ಮಾವನಾ, ಪುಕ್ಕಟೆ ಕೊಡೋಕೆ?” ಎಂದು ಗ್ಯಾಸ್ ಸಣ್ಣ ಮಾಡಿದರು. “ಜನ ಚಮಚಕ್ಕೆ ಬೈಯಲ್ಲ ಸರ್ ಜೀ, ನನಗೆ ಬೈತಾರೆ. ಮಗಳ ಕಾಲೇಜು ಇನ್ನೂ ಎರಡು ವರ್ಷ ಇದೆ. ಮಷೀನ್ ಬಂದ್ರೆ ನಾನು ಎಲ್ಲಿಗೆ ಹೋಗಲಿ?”

ಅವರ ತಲೆಯ ಮೇಲೆ ಪೋಸ್ಟರಿನ ಹೆಂಗಸರು ನಗುತ್ತಲೇ ಇದ್ದರು. ಯಾರಿಂದ ತೆಗೆಯಲಿ ಎಂದು ನೇಹಾ ಕೇಳಿದಾಗ ನನಗೆ ಉತ್ತರ ಹೊಳೆದಿರಲಿಲ್ಲ. ಉತ್ತರ ಈಗ ನನ್ನೆದುರು ನಿಂತು ಶುಂಠಿ ಜಜ್ಜುತ್ತಿತ್ತು.

“ಎಷ್ಟಾಯಿತು ಹೇಳಿ, ಕೊಡ್ತೀನಿ” ಅಂದೆ. ಹೇಳಿದರು. ಅಭ್ಯಾಸದಂತೆ ನನ್ನ ಬಾಯಿ ತೆರೆಯಿತು. ಅವರು ಜಜ್ಜುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಬಾಯಿ ಮುಚ್ಚಿ, ಹೇಳಿದಷ್ಟನ್ನೂ ಎಣಿಸಿ ಕೊಟ್ಟೆ. ಅದನ್ನು ಸೆರಗಿಗೆ ಗಂಟು ಹಾಕಿಕೊಂಡು, “ಚಮಚಾನೂ ಕೊಡಿ” ಅಂದರು.

ಚಮಚಕ್ಕಿಂತ ಮೊದಲು ಚೋಪ್ರಾ ಸಾಹೇಬರಿಗೆ ವಿಷಯ ಹೇಳಬೇಕಿತ್ತು. ಎಲ್ಲವನ್ನೂ ಹೇಳಿದೆ, ಕಾಲು ಗಂಟೆ ಭಾಷಣ ಮಾಡಿದ ಬಾಯಿಗೆ ಇದಕ್ಕೆ ಎರಡು ನಿಮಿಷ ಸಾಕಾಯಿತು. “ಅಂದರೆ ಖರ್ಚು ಏರುತ್ತೆ. ನಿಮ್ಮಿಂದಲೂ ಇಳಿಸೋಕೆ ಆಗಲಿಲ್ವಾ?” ಅಂದರು. “ಇಳಿಸಬಹುದು ಸರ್. ಯಾರಿಂದ ತೆಗೆಯಲಿ ಅಂತ ನೀವು ಹೇಳಬೇಕು” ಅಂದೆ. ಅವರು ತಮ್ಮ ಮುಂದಿದ್ದ ಲೋಟದಿಂದ ಒಂದು ಗುಟುಕು ಕುಡಿದರು, ಮಷೀನಿನ ಬೆಲೆಪಟ್ಟಿಯನ್ನು ನನಗೇ ವಾಪಸ್ ಕೊಟ್ಟರು. ಆ ಮಷೀನನ್ನು ಒಳ್ಳೆಯ ಬೆಲೆಗೆ ಇಳಿಸಿಕೊಂಡಿದ್ದೆ. ಹರಿದು ಹಾಕುವ ಮೊದಲು ಆ ಬೆಲೆಯನ್ನು ಇನ್ನೊಮ್ಮೆ ಓದಿಕೊಂಡದ್ದು ನಿಜ.

ಮನೆಯಲ್ಲಿ ದೊಡ್ಡ ಚಮಚ ಕಾಫಿಪುಡಿಯ ಡಬ್ಬ ಸೇರಿತ್ತು. ಒಂದೆರಡು ತಿಂಗಳಿಂದ ಡಿಕಾಕ್ಷನ್ ಬಹಳ ಗಟ್ಟಿಯಾಗಿದೆ ಎಂದು ನಾನೇ ಹೆಂಡತಿಯನ್ನು ಹೊಗಳಿದ್ದೆ. ಚಮಚ ಕೇಳಿದಾಗ ಸುಮಾ ಕಾರಣ ಕೇಳಿದಳು. ಪೂರ್ತಿ ಕೇಳಿಕೊಂಡು, ಅದನ್ನು ತೊಳೆದು, ಒರೆಸಿ ಕೊಟ್ಟಳು. ಬದಲಿಗೆ ಒಗ್ಗರಣೆ ಡಬ್ಬಿಯ ಚಮಚ ಮನೆಗೆ ಬಂತು. ಬಂದದ್ದು ಸಾಸಿವೆಯ ಜೊತೆ ಇರಬೇಕಿತ್ತು, ಕಾಫಿಪುಡಿಯ ಡಬ್ಬದಲ್ಲಿದೆ. “ಫಿಲ್ಟರಿಗೆ ಐದು ಚಮಚ, ಮೊದಲಿನ ಹಾಗೇ” ಅನ್ನುತ್ತಾಳೆ.

ಈಗ ಕಚೇರಿಯಲ್ಲಿ ಚಹಾ ಕಡಕ್ಕಾಗಿದೆ. ಮನೆಯ ಕಾಫಿಯಲ್ಲಿ ಲೋಟದ ತಳ ಕಾಣುತ್ತದೆ. ನಾನು ಚಮಚಕ್ಕೂ ಬೈಯುವುದಿಲ್ಲ, ಸುಮಾಗೂ ಬೈಯುವುದಿಲ್ಲ. ನಾಲಿಗೆಗೆ ಅಭ್ಯಾಸವಾಗಲಿ ಎಂದು ಕಾಯುತ್ತಿದ್ದೇನೆ.