ಭಾವನ ಗುಂಡಿಗೆ ಬಣ್ಣ

ನಮ್ಮ ಭಾವ ಗುಂಡು ಹಾಕುತ್ತಾರೆ ಎಂದರೆ ದಯವಿಟ್ಟು ನನ್ನ ಅಕ್ಕನ ಮೇಲೆ ಕನಿಕರಪಡಬೇಡಿ. ಬಾಟಲಿಯ ಗುಂಡಲ್ಲ, ಬಂದೂಕಿನ ಗುಂಡು! ಸ್ವೀಡನ್ನಿನ ಎಸ್ಕಿಲ್‌ಸ್ಟುನಾದಲ್ಲಿ ಎಂಜಿನಿಯರಾಗಿರುವ ಈ ಮಹಾಶಯರು ಅಲ್ಲಿನ ಶೂಟಿಂಗ್ ಕ್ಲಬ್ಬಿನ ಸದಸ್ಯರು. ಬಚ್ಚಲಲ್ಲಿ ಜೇಡ ಕಂಡರೆ ಅಕ್ಕನನ್ನು ಕೂಗುವ ಶೂರರು. ಇದುವರೆಗೆ ಕಾಗದವನ್ನು ಬಿಟ್ಟು ಬೇರೇನನ್ನೂ ಹೊಡೆದವರಲ್ಲ. ಆದರೆ ಅಂಗಡಿಯ ಗುಂಡು ಅವರಿಗೆ ಆಗದು. ಗ್ಯಾರೇಜಿನಲ್ಲಿ ಸೀಸ ಕರಗಿಸಿ ತಾವೇ ಎರಕ ಹೊಯ್ಯಬೇಕು!

ಬರೀ ಸೀಸ ನಳಿಕೆಯೊಳಗೆ ಮೆತ್ತಿಕೊಳ್ಳುತ್ತದಂತೆ. ಅದಕ್ಕೆ ವರ್ಷಗಟ್ಟಲೆ ಜೇನುಮೇಣದ ಜಿಡ್ಡು ಸವರಿದರು. ಎರಡು ಸಾವಿರದ ಹದಿನಾಲ್ಕರಲ್ಲಿ ಇದ್ದಕ್ಕಿದ್ದಂತೆ ಪಕ್ಷಾಂತರ! ಗುಂಡುಗಳನ್ನು ಬಣ್ಣದ ಪುಡಿಯಲ್ಲಿ ಕುಲುಕಿ, ಹಳೆಯ ಓವನ್‌ನಲ್ಲಿ ಬೇಯಿಸುವ ಪೌಡರ್ ಕೋಟಿಂಗ್.

"ಮೇಣ ಅಂದ್ರೆ ಎಣ್ಣೆ ಹಚ್ಚಿದ ತಲೆ ಕಣಯ್ಯಾ. ಹೊಗೆ, ಜಿಡ್ಡು, ಇರೋ ಧೂಳೆಲ್ಲ ಅದಕ್ಕೇ. ಪೌಡರ್ ನೋಡು, ಎಷ್ಟು ನೀಟು!"

ಫೀಕಾಕ್ಕೆ, ಅಂದರೆ ಅಲ್ಲಿನವರ ಕಾಫಿ-ತಿಂಡಿಯ ಹರಟೆಗೆ, ಬಂದ ನೆರೆಯವರ ಕಾಫಿ ಆರುತ್ತಿತ್ತು, ಭಾವನ ಭಾಷಣ ಮಾತ್ರ ಬಿಸಿಬಿಸಿ.

ಆ ಬೇಸಿಗೆಯಲ್ಲಿ ಅಮ್ಮ ತುಮಕೂರಿನಿಂದ ಬಂದಿದ್ದಳು; ನಾನೂ ಅಲ್ಲೇ ಇದ್ದೆ. ಒಂದು ಶುಕ್ರವಾರ ಅಕ್ಕ ನಾಲ್ವರು ಗೆಳತಿಯರನ್ನು ಅರಿಶಿನ ಕುಂಕುಮಕ್ಕೆ ಕರೆದಳು. ಹೊತ್ತಿಗೆ ಸರಿಯಾಗಿ ಕುಂಕುಮ ಖಾಲಿ! ಅಮ್ಮ ಹುಡುಕಿದಳು. ಭಾವ ಮರೆತು ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದ ಸ್ಟೀಲ್ ಡಬ್ಬಿ ಸಿಕ್ಕಿತು. ಒಳಗೆ ನುಣುಪಾದ ಕೆಂಪು ಪುಡಿ. ಮುಚ್ಚಳದ ಮೇಲೆ 'ಬ್ಲೀ' ಎಂದು, ಅಂದರೆ ಸೀಸ ಎಂದು, ಸ್ವೀಡಿಷ್‌ನಲ್ಲಿ ಬರೆದಿತ್ತು. ತುಮಕೂರಿನ ಅಮ್ಮನಿಗೆ ಸ್ವೀಡಿಷ್ ಎಲ್ಲಿಂದ ಬರಬೇಕು?

ಭಾವ ಮನೆಗೆ ಬಂದಾಗ ನಾಲ್ಕು ಹಣೆಗಳು ಕೆಂಪಗೆ ಹೊಳೆಯುತ್ತಿದ್ದವು.

"ಅಳಿಯಂದ್ರೇ, ನಿಮ್ಮೂರಿನ ಕುಂಕುಮ ಏನು ಚೆಂದ!"

"ಅತ್ತೇ, ಅದು ಗುಂಡಿನ ಪುಡಿ!"

ಮುತ್ತೈದೆಯರು ಬಚ್ಚಲ ಮುಂದೆ ಸಾಲುಗಟ್ಟಿದರು. "ನಮ್ಮನ್ನೂ ಓವನ್‌ಗೆ ಇಡ್ತೀರೇನ್ರೀ?" ಎಂದು ಒಬ್ಬರು ಕೇಳಿದಾಗ ಎಲ್ಲರೂ ನಕ್ಕೆವು. ಅಷ್ಟರಲ್ಲಿ ಅಕ್ಕನ ಎರಡು ವರ್ಷದ ಮಗಳು ಪುಟ್ಟಿ ಕಂಡಳು. ಅಜ್ಜಿ ಅವಳಿಗೂ ಇಟ್ಟಿದ್ದಳು; ಮಗು ಅದನ್ನು ಒರೆಸಿ ಬೆರಳು ಚೀಪುತ್ತಿತ್ತು. ಸೀಸದ ಜೊತೆ ಕುಲುಕಿದ ಪುಡಿ ಅದು. ನಗು ನಿಂತುಹೋಯಿತು.

ಮಾರನೆಯ ವಾರ ಆರೋಗ್ಯ ಕೇಂದ್ರದಲ್ಲಿ ಪುಟ್ಟಿಯ ರಕ್ತ ತೆಗೆದರು. ಫಲಿತಾಂಶ ಬರುವವರೆಗೆ ಭಾವ ಸರಿಯಾಗಿ ಉಣ್ಣಲಿಲ್ಲ, ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. ಕೊನೆಗೆ ನರ್ಸ್ ಫೋನ್ ಮಾಡಿದಳು: ಸೀಸ ಹೆಚ್ಚೇನೂ ಇಲ್ಲ, ಮಗು ಆರಾಮಾಗಿದೆ. ಅಬ್ಬಾ! ಅಕ್ಕ ಅತ್ತಳು, ಅಮ್ಮ ಕಂಡ ಕಂಡ ದೇವರಿಗೆಲ್ಲ ಕೈಮುಗಿದಳು. ನನಗೂ ಹೋದ ಜೀವ ಬಂದಂತಾಗಿ ನಾಲಿಗೆ ತುರಿಸಿತು.

"ಏನ್ ಭಾವ, ಇನ್ನು ವಾಪಸ್ ಮೇಣಕ್ಕೇನಾ?"

ಭಾವ ನಗಲಿಲ್ಲ.

"ಮೇಣಾನೇ ಚೆನ್ನಾಗಿತ್ತು ಕಣಯ್ಯಾ. ಒಂದು ಗುರಿನೂ ತಪ್ತಿರ್ಲಿಲ್ಲ. ಇವಳು ಹುಟ್ಟಿದ್ಮೇಲೆ ಎಷ್ಟು ಕೈ ತೊಳೆದ್ರೂ ಸೀಸ ಇನ್ನೂ ಇದೆಯೇನೋ ಅಂತ ಎತ್ಕೊಳ್ಳೋಕೇ ಭಯ. ಪೌಡರ್ ಹಾಕಿದ್ರೆ ಗುಂಡು ಮುಟ್ಟಿದ್ರೂ ಸೀಸ ಕೈಗೆ ಹತ್ತಲ್ಲ ಅಂದ್ರು. ಅದಕ್ಕೇ ಬದಲಾಯಿಸ್ದೆ."

ಪುಟ್ಟಿ ಓಡಿಬಂದು ಎರಡೂ ಕೈ ಚಾಚಿ "ಪಪ್ಪಾ, ಉಪ್!" ಎಂದಳು, ಎತ್ತಿಕೋ ಅಂತ. ಭಾವ ಅಭ್ಯಾಸಬಲದಿಂದ ಸಿಂಕಿನತ್ತ ಎರಡು ಹೆಜ್ಜೆ ಇಟ್ಟವರು, ಅಲ್ಲೇ ನಿಂತು, ಹಿಂದಿರುಗಿ ಅವಳನ್ನು ಎತ್ತಿಕೊಂಡರು.