ನೂರ ಐವತ್ತೊಂಬತ್ತು ದಿನ

ಮುದ್ದಣ್ಣನವರ ಗೇರುಬೀಜದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷಗಳಿಂದ ಒಬ್ಬ ಹೆಂಗಸೂ ಬಸುರಾಗಿರಲಿಲ್ಲ. ಹಾಗೆಂದು ಅಲ್ಲಿಯ ಹಾಜರಿ-ಲೆಕ್ಕ ಬರೆಯುವ ರೈಟರ್ ದೇವದಾಸ ಪ್ರತಿವರ್ಷ ಸರಕಾರಕ್ಕೆ ಬರೆದು ಕಳಿಸುತ್ತಿದ್ದ. ಕಾಪುವಿನಿಂದ ಎರಡು ಮೈಲಿ ಒಳಗಿದ್ದ ಆ ಕಾರ್ಖಾನೆಯಲ್ಲಿ ಇನ್ನೂರ ಹತ್ತು ಹೆಂಗಸರು ದುಡಿಯುತ್ತಿದ್ದರು. ಹೆಚ್ಚಿನವರು ಮದುವೆಯಾದವರು, ಒಬ್ಬೊಬ್ಬರ ಸೊಂಟದಲ್ಲೂ ಬೆನ್ನ ಹಿಂದೆಯೂ ಮಕ್ಕಳ ಸಾಲು. ಆದರೂ ವಾರ್ಷಿಕ ವರದಿಯ 'ಹೆರಿಗೆ ಭತ್ಯೆ ಪಡೆದವರು' ಎಂಬ ಕಲಮಿನ ಎದುರು ದೇವದಾಸ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ 'ಇಲ್ಲ' ಎಂದು ಬರೆದು, ಕೆಳಗೊಂದು ಗೆರೆ ಎಳೆದು, ಒತ್ತುಕಾಗದ ಒತ್ತುತ್ತಿದ್ದ.

೧೯೭೮ರ ಒಂದು ಬುಧವಾರ ಬೆಳಿಗ್ಗೆ ಆ 'ಇಲ್ಲ' ಟಪಾಲಿನಲ್ಲಿ ತಿರುಗಿ ಬಂತು.

ಉಡುಪಿಯ ಲೇಬರ್ ಇನ್‌ಸ್ಪೆಕ್ಟರರ ಕಾಗದ. ಹೊಸದಾಗಿ ಬಂದ ಮನುಷ್ಯ. ಹಳೆಯ ಫೈಲುಗಳನ್ನು ಓದುವ ಕೆಟ್ಟ ಚಟ ಇದ್ದಿರಬೇಕು. 'ಕುಟುಂಬ ಯೋಜನೆಯವರು ತುರ್ತು ಪರಿಸ್ಥಿತಿಯಲ್ಲಿ ಜೀಪು, ಡಾಕ್ಟರು, ಪೊಲೀಸು ಎಲ್ಲ ಹಿಡಿದುಕೊಂಡು ಓಡಾಡಿಯೂ ಸಾಧಿಸಲಾಗದ್ದನ್ನು ತಮ್ಮ ಕಾರ್ಖಾನೆ ಸದ್ದಿಲ್ಲದೆ ಸಾಧಿಸಿದಂತೆ ಕಾಣುತ್ತದೆ. ಇದನ್ನು ಕಣ್ಣಾರೆ ಕಾಣಲು ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಬರುತ್ತಿದ್ದೇನೆ. ಹಿಂದಿನ ಹನ್ನೆರಡು ತಿಂಗಳ ಹಾಜರಿ ಪುಸ್ತಕ ಸಿದ್ಧವಿರಲಿ.'

ಮುದ್ದಣ್ಣನವರು ಕಾಗದವನ್ನು ಎರಡು ಸಲ ಓದಿದರು. ಮೂರನೆಯ ಸಲ ದೇವದಾಸನ ಮುಖ ಓದಿದರು.

"ನೀನೆಂತ ಬರೆದದ್ದು ಮಾರಾಯ? ಹನ್ನೊಂದು ವರ್ಷದಲ್ಲಿ ಒಂದಾದರೂ ಹೆರಿಗೆ ತೋರಿಸಲಿಕ್ಕೆ ನಿನ್ನಿಂದ ಆಗಲಿಲ್ಲವಾ?"

"ನೀವೇ ಬೇಡ ಅಂದದ್ದಲ್ವಾ ದಣಿಗಳೇ?"

"ನಾನು ಬೇಡ ಅಂದದ್ದು ಕೊಡುವುದನ್ನು. ತೋರಿಸುವುದು ಬೇಡ ಅಂದೆನಾ?"

ಸಂಗತಿ ಇಷ್ಟೇ. ಹೆರಿಗೆಯ ಹಿಂದಿನ ಹನ್ನೆರಡು ತಿಂಗಳಲ್ಲಿ ನೂರ ಅರುವತ್ತು ದಿನ ದುಡಿದ ಹೆಂಗಸಿಗೆ ಹನ್ನೆರಡು ವಾರ ಸಂಬಳದ ರಜೆ ಕೊಡಬೇಕೆಂದು ಕಾನೂನು ಹೇಳುತ್ತಿತ್ತು. ದಿನ ತುಂಬುತ್ತ ಬಂದವಳು ಬೇಡವೆಂದರೆ ಅವಳನ್ನು ಗಂಟೆಗಟ್ಟಲೆ ನಿಲ್ಲಿಸಿ ದುಡಿಸುವಂತಿಲ್ಲ ಎಂದೂ ಹೇಳುತ್ತಿತ್ತು. ಈ ಕಾನೂನನ್ನು ದೇವದಾಸನಷ್ಟು ಶ್ರದ್ಧೆಯಿಂದ ಓದಿದವರು ಇಡೀ ತಾಲೂಕಿನಲ್ಲಿ ಇರಲಿಲ್ಲ. ಓದಿದ್ದರಿಂದಲೇ ಅವನು ಪ್ರತಿಯೊಬ್ಬಳ ಹೆಸರಿಗೂ ನೂರ ಐವತ್ತೊಂಬತ್ತನೆಯ ದಿನದೊಳಗೆ ಕೆಂಪು ಶಾಯಿಯ ಗೆರೆ ಎಳೆದು, 'ಬಿಟ್ಟುಹೋಗಿದ್ದಾಳೆ' ಎಂದು ಬರೆಯುತ್ತಿದ್ದ. ಮೂರು ದಿನ ಕಳೆದು ಗಿರಿಜಾ ಗಿರಿಜಮ್ಮನಾಗಿ, ಫ್ಲೋರಿನ್ ಫ್ಲೋರಾ ಆಗಿ ಅದೇ ಯಂತ್ರದ ಮುಂದೆ ಒಂದನೆಯ ದಿನದಿಂದ ಹೊಸದಾಗಿ ಶುರುಮಾಡುತ್ತಿದ್ದರು. ಹೊಟ್ಟೆ ಕಾಣಿಸಿಕೊಂಡವಳಿಗೆ ಆ ಹೊಸ ಹೆಸರೂ ಸಿಗುತ್ತಿರಲಿಲ್ಲ. ಬಾಯ್ಲರ್ ಕಡೆಯ ಗಂಡಸರಂತೂ ಗುತ್ತಿಗೆಯವರು. ಪುಸ್ತಕಕ್ಕೇ ಬಾರದವರನ್ನು ತೆಗೆಯುವ ತೊಂದರೆಯೇ ಇರಲಿಲ್ಲ.

"ಇವತ್ತು ಮೂರು ಗಂಟೆಗೆ ಅವನು ಬರುವಾಗ ಇಲ್ಲಿ ಒಬ್ಬಳು ಬಸುರಿ ಇರಬೇಕು. ಕೂತಿರಬೇಕು. ನಗ್ತಾ ಇರಬೇಕು," ಎಂದರು ಮುದ್ದಣ್ಣನವರು. "ಇಲ್ಲದಿದ್ದರೆ ನಾಳೆಯಿಂದ ನೀನು ಆ ಕುರ್ಚಿಯಲ್ಲಿ ಕೂರುವುದಿಲ್ಲ."

ದೇವದಾಸನಿಗೆ ಕೇಳಿಸಿದ್ದು ಒಂದೇ ಮಾತು. ಕುರ್ಚಿ! ಕಾರ್ಖಾನೆ ಶುರುವಾದಾಗ ಮೂಟೆ ಹೊರಲು ಸೇರಿದವನು ಅವನು. ಮೂಟೆಯಿಂದ ತಕ್ಕಡಿಗೆ, ತಕ್ಕಡಿಯಿಂದ ಪುಸ್ತಕಕ್ಕೆ ಏರಿ, ಬೆತ್ತದ ಹೆಣಿಗೆಯ ಆ ಕೈಕುರ್ಚಿಯನ್ನು ತಲುಪಲು ಒಂಬತ್ತು ವರ್ಷ ಹಿಡಿದಿತ್ತು. ಅಷ್ಟರಲ್ಲಿ ಸೊಂಟ ಹೋಗಿತ್ತು. ಹೆಂಡತಿ ಹಳೆಯ ಸೀರೆ ತುಂಬಿ ಹೊಲಿದುಕೊಟ್ಟ ದಿಂಬನ್ನು ಬೆನ್ನಿಗಿಟ್ಟು ಕೂತರೆ ಮಾತ್ರ ಅವನು ಮನುಷ್ಯ; ನಿಂತರೆ ಅರ್ಧ ಮಡಚಿದ ಕೊಡೆ.

ಅವನು ಕಟ್ಟಿಂಗ್ ಮೆಷಿನ್‌ಗಳ ಸಾಲಿನತ್ತ ಓಡಿದ. ಇನ್ನೂರ ಹತ್ತು ಹೆಂಗಸರು ನಿಂತು, ಒಂದು ಕಾಲಿನಿಂದ ಮೆಟ್ಟು ಒತ್ತುತ್ತ, ಬೀಜ ಸೀಳುತ್ತಿದ್ದರು. ಒಂದೊಂದು ಹೊಟ್ಟೆಯನ್ನೂ ಹಲಸಿನಕಾಯಿ ಕೊಳ್ಳುವವನಂತೆ ಪರೀಕ್ಷಿಸಿದ. ಎಲ್ಲ ಚಪ್ಪಟೆ. ಅವನ ಕೆಂಪು ಶಾಯಿ ಅಷ್ಟು ಚೊಕ್ಕವಾಗಿ ಕೆಲಸ ಮಾಡಿತ್ತು.

ಆಗ ನೆನಪಾದವಳು ಉಚ್ಚಿಲದ ಡುಲ್ಸಿನ್. ಮೂರು ವಾರದ ಹಿಂದೆ ಏಳನೆಯ ತಿಂಗಳ ಹೊಟ್ಟೆ ಹೊತ್ತು ಮಣಿಪಾಲದ ಡಾಕ್ಟರರ ಚೀಟಿ ತಂದಿದ್ದಳು: ನಿಂತು ಕೆಲಸ ಮಾಡಕೂಡದು. "ಒಂದು ಸ್ಟೂಲು ಕೊಟ್ಟರೂ ಸಾಕಿತ್ತು ರೈಟ್ರೇ," ಎಂದಿದ್ದಳು. ದೇವದಾಸ ಕುರ್ಚಿಯಲ್ಲಿ ಒರಗಿಯೇ, "ಇಲ್ಲಿ ಕುರ್ಚಿ ಇರುವುದು ಎರಡೇ. ಒಂದು ದಣಿಗಳದ್ದು, ಒಂದು ನನ್ನದು. ನಿಂಗೆ ಯಾವುದು ಬೇಕು?" ಎಂದು ಕೇಳಿದ್ದ. ಸುತ್ತಲಿದ್ದವರು ನಕ್ಕಿದ್ದರು. ಅವಳ ಹೆಸರಿಗೆ ನೂರ ಐವತ್ತೇಳನೆಯ ದಿನಕ್ಕೆ ಗೆರೆ ಬಿದ್ದಿತ್ತು. ಚೀಟಿ ಕಾಗದ ಚುಚ್ಚುವ ತಂತಿಗೆ ಸೇರಿತ್ತು.

ದೇವದಾಸ ಸೈಕಲ್ ಹತ್ತಿದ.

ಉಚ್ಚಿಲದಲ್ಲಿ ಡುಲ್ಸಿನ್ ಬಾಗಿಲ ಮೆಟ್ಟಲಲ್ಲಿ ಕೂತು, ಬೀಗಿದ ಕಾಲುಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಇಳಿಬಿಟ್ಟಿದ್ದಳು. ಪಕ್ಕದಲ್ಲಿ ನೆರೆಮನೆಯ ಖದೀಜಮ್ಮ ಎಲೆಯಡಿಕೆ ಜಗಿಯುತ್ತಿದ್ದಳು. ನಾಲ್ಕೂರಿನ ಹೆರಿಗೆ ಮಾಡಿಸಿದ ಆ ಮುದುಕಿಗೆ ಊರಿನ ಗಂಡಸರೆಲ್ಲ ಕಾಲು ಮುಂದಾಗಿ ಹುಟ್ಟಿದ ಮಕ್ಕಳಂತೆಯೇ ಕಾಣುತ್ತಿದ್ದರು.

"ಯಾರಿದು? ಕೆಂಪು ಶಾಯಿಯವನಾ?" ಎಂದಳು ಖದೀಜಮ್ಮ. "ಮಗುವಿಗೂ ಒಂದು ಗೆರೆ ಎಳೆಯಲಿಕ್ಕೆ ಬಂದೆಯಾ?"

"ಹಾಗಲ್ಲ ಅಮ್ಮ. ಡುಲ್ಸಿನ್ ಬಾಯಿಯವರ ಆರೋಗ್ಯ ವಿಚಾರಿಸುವಾ ಅಂತ…"

"ಆರು ಮೈಲಿ ಸೈಕಲ್ ತುಳಿದುಕೊಂಡು? ಬಿಸಿಲಲ್ಲಿ?" ಡುಲ್ಸಿನ್ ಕಾಲನ್ನು ಬೋಗುಣಿಯಿಂದ ಎತ್ತಲಿಲ್ಲ. "ಎಂತ ಬೇಕು, ನೇರ ಹೇಳಿ ರೈಟ್ರೇ. ನನಗೆ ಬಗ್ಗಲಿಕ್ಕೂ ಆಗುವುದಿಲ್ಲ, ಸುತ್ತು ಬಳಸಿ ಕೇಳಲಿಕ್ಕೂ ಆಗುವುದಿಲ್ಲ."

ದೇವದಾಸ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಖದೀಜಮ್ಮ ನಕ್ಕು ನಕ್ಕು ಎಲೆಯಡಿಕೆ ನುಂಗಿದ್ದಳು.

ಡುಲ್ಸಿನ್ ನಗಲಿಲ್ಲ. ಒಳಗೆ ಕರೆದು ಒಲೆಯ ಪಕ್ಕದ ಗೋಡೆ ತೋರಿಸಿದಳು. ಉದ್ದಕ್ಕೂ ಮಸಿಯ ಗೆರೆಗಳು, ಐದೈದರ ಕಟ್ಟು. "ಒಂದು ವರ್ಷದಲ್ಲಿ ಇನ್ನೂರ ಎಪ್ಪತ್ತೊಂದು ದಿನ. ನಾನೂ ಎಸೆಸೆಲ್ಸಿ ಪಾಸಾದವಳು, ಲೆಕ್ಕ ಬರ್ತದೆ. ನಿಮ್ಮ ಪುಸ್ತಕದಲ್ಲಿ ಅರ್ಧ ವರ್ಷ ನಾನು ಡುಲ್ಸಿ ಮೇರಿ, ಇನ್ನರ್ಧ ಡುಲ್ಸಿನ್. ಬರ್ತೇನೆ. ಆದರೆ ಪುಸ್ತಕದಲ್ಲಿ ನನ್ನ ಹೆಸರು ಒಂದೇ ಇರಬೇಕು. ಕೆಂಪು ಗೆರೆ ಇರಕೂಡದು. ಮತ್ತೆ, ಬರುವುದು ದಣಿಗಳ ಕಾರಿನಲ್ಲಿ."

"ನಾನೂ ಬರ್ತೇನೆ," ಎಂದಳು ಖದೀಜಮ್ಮ. "ದಾರಿಯಲ್ಲಿ ನೋವು ಬಂದರೆ ಇವನು ಹಿಡಿಯುತ್ತಾನಾ?"

ಅಂಗಡಿಯೊಂದರಿಂದ ಫೋನು ಮಾಡಿದ್ದಾಯಿತು. ಮುದ್ದಣ್ಣನವರು ಆ ಕಡೆಯಿಂದ ಕಿರುಚಿದ್ದು ಫೋನಿಲ್ಲದೆಯೂ ಕೇಳಿಸುವಂತಿತ್ತು. ಆದರೂ ಅಂಬಾಸಿಡರ್ ಬಂತು. ಹಿಂದಿನ ಸೀಟನ್ನು ಡುಲ್ಸಿನ್, ಅವಳ ದಿಂಬು, ನೀರಿನ ಹೂಜಿ ತುಂಬಿದವು. ಮುಂದಿನದನ್ನು ಖದೀಜಮ್ಮ ತುಂಬಿದಳು. ದೇವದಾಸ ಕಾರಿನ ಧೂಳು ಕುಡಿಯುತ್ತ ಸೈಕಲ್ಲಿನಲ್ಲಿ ಹಿಂಬಾಲಿಸಿದ.

ಅವನು ತಲುಪುವಾಗ ಡುಲ್ಸಿನ್ ಆಫೀಸಿನ ಬಾಗಿಲಲ್ಲಿ ನಿಂತಿದ್ದಳು.

"ಅವತ್ತು ಒಂದು ಪ್ರಶ್ನೆ ಕೇಳಿದ್ದಿರಿ ರೈಟ್ರೇ. ಯಾವ ಕುರ್ಚಿ ಬೇಕು ಅಂತ. ನಿಮ್ಮದು," ಎಂದು ಹೇಳಿ ಹೋಗಿ ಕೂತಳು. ದೇವದಾಸನ ದಿಂಬನ್ನು ಎರಡು ಸಲ ತಟ್ಟಿ ಬೆನ್ನಿಗಿಟ್ಟುಕೊಂಡಳು. ಅದು ಅವಳಿಗಾಗಿಯೇ ಹೊಲಿದಂತೆ ಕೂತಿತು.

ಉಳಿದದ್ದು ಪುಸ್ತಕ. ಗಂಟೆ ಒಂದೂವರೆ. ದೇವದಾಸ ಮೂಟೆಯ ಮೇಲೆ ಕೂತು ಹನ್ನೆರಡು ತಿಂಗಳ ಹಾಳೆಗಳನ್ನು ಮಗುಚಿದ. ಕೆಂಪು ಗೆರೆ ಇಲ್ಲದ, ವರ್ಷವಿಡೀ ಒಂದೇ ಹೆಸರಿನಲ್ಲಿ ನಡೆದ ಒಂದು ಸಾಲು ಬೇಕಿತ್ತು. ಇನ್ನೂರ ಹತ್ತು ಸಾಲುಗಳಲ್ಲಿ ಒಂದೂ ಇರಲಿಲ್ಲ. ತನ್ನ ಕೈಕೆಲಸದ ಅಚ್ಚುಕಟ್ಟಿಗೆ ತಾನೇ ಬೆವರಿದ. ಕೊನೆಯಲ್ಲಿ ಹೊಸ ಸಾಲು ಸೇರಿಸೋಣವೆಂದರೆ ಹಾಳೆಗಳಲ್ಲಿ ಇರುವೆ ಓಡುವಷ್ಟೂ ಜಾಗವಿಲ್ಲ.

ಒಂದು ಸಾಲು ಮಾತ್ರ ಇತ್ತು. ಪ್ರತಿ ತಿಂಗಳ ಮೊದಲ ಹಾಳೆಯ ನೆತ್ತಿಯಲ್ಲಿ, ಒಂದು ದಿನವೂ ತಪ್ಪದ ಹಾಜರಿಯೊಂದಿಗೆ, ಹೆಮ್ಮೆಯಿಂದ ತಾನೇ ಬರೆದುಕೊಂಡದ್ದು: 'ದೇವದಾಸ, ರೈಟರ್.'

ಬೇರೆ ಹೊತ್ತಿನಲ್ಲಾಗಿದ್ದರೆ ಯೋಚಿಸುತ್ತಿದ್ದನೇನೋ. ಹೊರಗೆ ಮುದ್ದಣ್ಣನವರು, "ಆಯಿತಾ? ಆಯಿತಾ?" ಎಂದು ನಿಮಿಷಕ್ಕೊಮ್ಮೆ ಕೂಗುತ್ತಿದ್ದರು. ದೇವದಾಸ ಬ್ಲೇಡು ತೆಗೆದ. ಹನ್ನೆರಡು ಹಾಳೆಗಳಿಂದ ತನ್ನ ಹೆಸರನ್ನು ಹಾಲಿನ ಕೆನೆ ತೆಗೆಯುವಷ್ಟು ನಾಜೂಕಾಗಿ ಕೆರೆದ. ಆ ಜಾಗದಲ್ಲಿ ಡುಲ್ಸಿನ್ ಎಂದು ಬರೆದ. ಅವಳ ಹಳೆಯ, ಗೆರೆ ಬಿದ್ದ ಸಾಲಿಗೆ ಲೂಸಿ ಎಂದು ನಾಮಕರಣವಾಯಿತು. ಅದು ಅವನಿಗೆ ಅಭ್ಯಾಸದ ಕೆಲಸ. 'ರೈಟರ್' ಎಂಬುದನ್ನು ಕೆರೆಯುವಷ್ಟು ಸಮಯವಿರಲಿಲ್ಲ. ಇರಲಿ, ಕೂತು ಮಾಡುವ ಹಗುರ ಕೆಲಸ ಕೊಟ್ಟಿದ್ದೇವೆಂದು ತೋರಿಸಲು ಅದೇ ಒಳ್ಳೆಯದಾಯಿತು ಎಂದುಕೊಂಡ. ನಾಳೆ ಮತ್ತೆ ಕೆರೆದರಾಯಿತು. ಬ್ಲೇಡು ಎಲ್ಲಿಗೂ ಹೋಗುವುದಿಲ್ಲವಲ್ಲ.

ಸರಿಯಾಗಿ ಮೂರು ಗಂಟೆಗೆ ಇನ್‌ಸ್ಪೆಕ್ಟರರು ಬಸ್ಸಿಳಿದು ನಡೆದೇ ಬಂದರು. ಒಣಕಲು ಮನುಷ್ಯ, ಕಂಕುಳಲ್ಲಿ ಕೊಡೆ. ಬೊಂಡದ ಎಳನೀರು ಬೇಡ, ಗೋಡಂಬಿ ಬೇಡ, ಚಹಾ ಬೇಡ. ಏನೂ ತಿನ್ನದ ಅಧಿಕಾರಿಯನ್ನು ಕಂಡು ಮುದ್ದಣ್ಣನವರಿಗೆ ಮೊದಲ ಬಾರಿಗೆ ನಿಜವಾದ ಭಯವಾಯಿತು.

"ಇವರು?"

"ನಮ್ಮ ಡುಲ್ಸಿನ್ ಬಾಯಿ ಸಾರ್," ಎಂದರು ಮುದ್ದಣ್ಣನವರು, ಸ್ವಂತ ಮಗಳ ಬಯಕೆ ಊಟಕ್ಕೆ ಕರೆದವರಂತೆ. "ಡಾಕ್ಟರ ಚೀಟಿ ಬಂದ ಕೂಡಲೇ ಕೂತು ಮಾಡುವ ಕೆಲಸ ಕೊಟ್ಟದ್ದು. ನೋಡಿ, ಚೀಟಿಯನ್ನೂ ತೆಗೆದಿಟ್ಟಿದ್ದೇವೆ."

ಇನ್‌ಸ್ಪೆಕ್ಟರರು ಚೀಟಿಯ ನಡುವಿನ ತೂತಿನಿಂದ ಮುದ್ದಣ್ಣನವರನ್ನು ನೋಡಿದರು. ಪುಸ್ತಕ ತೆಗೆದರು. ಮೊದಲ ಸಾಲಿನ ಮೇಲೆ ಬೆರಳಾಡಿಸಿದರು.

"ಇಲ್ಲಿ ಕಾಗದ ಸ್ವಲ್ಪ ತೆಳ್ಳಗಾಗಿದೆ, ಅಲ್ವಾ?"

"ಕಡಲ ಗಾಳಿ ಸಾರ್," ಎಂದ ದೇವದಾಸ, ಗೋಡೆಗೆ ಒರಗಿ ಸೊಂಟ ಹಿಡಿದುಕೊಂಡು.

"ಹೌದೌದು. ಮೊದಲ ಸಾಲಿಗೆ ಮಾತ್ರ ಬೀಸಿದ ಗಾಳಿ." ಅವರು ಡುಲ್ಸಿನ್ ಕಡೆ ತಿರುಗಿದರು. "ನೀವು ಎಷ್ಟು ಸಮಯದಿಂದ ಇಲ್ಲಿದ್ದೀರಿ ಅಮ್ಮ?"

"ಪುಸ್ತಕದಲ್ಲಿ ಎಂತ ಉಂಟೋ ಅದೇ ಸರ್," ಎಂದಳು ಡುಲ್ಸಿನ್. ಮುದ್ದಣ್ಣನವರು ಮೆಚ್ಚುಗೆಯಿಂದ ತಲೆದೂಗಿದರು.

"ಪುಸ್ತಕದಲ್ಲಿ ವರ್ಷವಿಡೀ ರೈಟರ್ ಅಂತ ಉಂಟು. ಒಳ್ಳೆಯದು." ಇನ್‌ಸ್ಪೆಕ್ಟರರು ಪೆನ್ನು ತೆಗೆದು, ಹನ್ನೆರಡು ಹಾಳೆಗಳಲ್ಲೂ ಅವಳ ಹೆಸರಿನ ಮೇಲೆ ಅಡ್ಡಲಾಗಿ ಸಹಿ ಹಾಕಿ, ಪ್ರತಿಯೊಂದಕ್ಕೂ ಮುದ್ರೆ ಒತ್ತಿದರು. ಠಪ್, ಠಪ್ ಎಂಬ ಒಂದೊಂದು ಸದ್ದಿಗೂ ದೇವದಾಸನ ಸೊಂಟ ಒಂದೊಂದು ಇಂಚು ಕುಸಿಯಿತು. ತಪಾಸಣೆ ಪುಸ್ತಕದಲ್ಲಿ ಬರೆದರು: 'ಈಕೆಗೆ ಹನ್ನೆರಡು ವಾರ ರೈಟರ್ ಹುದ್ದೆಯ ಪೂರ್ಣ ಸಂಬಳದ ರಜೆ ಕೊಡತಕ್ಕದ್ದು. ರಜೆ ಮುಗಿದ ಮೇಲೆ ಇದೇ ಕೆಲಸ, ಇದೇ ಸಂಬಳ. ಆರು ವಾರದ ನಂತರ ಬಂದು ನೋಡುತ್ತೇನೆ.' ಮತ್ತೆ ತಲೆಯೆತ್ತಿ, "ಇವರು ಯಾರು? ಗೋಡೆ ಹಿಡಿದು ನಿಂತವರು?" ಎಂದು ಕೇಳಿದರು.

ದೇವದಾಸ ಬಾಯಿ ತೆರೆದ. ರೈಟರ್ ಎಂದರೆ ಪುಸ್ತಕ ಸುಳ್ಳಾಗುತ್ತದೆ; ಪುಸ್ತಕ ಸುಳ್ಳಾದರೆ ಬರೆದವನು ಜೈಲಿಗೆ.

"ಅವನಾ?" ಎಂದರು ಮುದ್ದಣ್ಣನವರು, ನೊಣ ಓಡಿಸಿದಷ್ಟು ಸಲೀಸಾಗಿ. "ಇವತ್ತೇ ಬಂದವ ಸಾರ್. ದಿನಗೂಲಿ."

"ಹಾಗಾದರೆ ಹಾಜರಿ ಹಾಕಿ."

ಡುಲ್ಸಿನ್ ಪೆನ್ನು ಎತ್ತಿಕೊಂಡಳು. ಹೊಸ ಹಾಳೆ ತೆರೆದಳು. "ಹೆಸರು?" ಎಂದು ಕೇಳಿದಳು. ಅವಳ ಅಕ್ಷರ ಅವನದಕ್ಕಿಂತ ದುಂಡಗಿತ್ತು.

ಇನ್‌ಸ್ಪೆಕ್ಟರರು ಕೊಡೆ ಬಿಡಿಸಿ ಹೊರಟುಹೋದರು. ಮುದ್ದಣ್ಣನವರು ಮೊದಲು ಹತ್ತು ನಿಮಿಷ ದೇವದಾಸನನ್ನು ಬೈದರು. ಆಮೇಲೆ ಅವರ ಮುಖದಲ್ಲಿ ನಿಧಾನವಾಗಿ ಬೆಳಕು ಹರಿಯಿತು.

"ಹೌದಲ್ಲ ಮಾರಾಯ, ನಿನ್ನ ಇಪ್ಪತ್ತು ವರ್ಷದ ಸರ್ವೀಸು ಈಗ ಎಲ್ಲುಂಟು?"

"ಹಳೆಯ ಪುಸ್ತಕದಲ್ಲಿ ಉಂಟಲ್ಲ ದಣಿಗಳೇ."

"ಅದನ್ನೆಲ್ಲ ವರ್ಷವರ್ಷ ಬಾಯ್ಲರಿಗೆ ಹಾಕುವುದು ನೀನೇ ಅಲ್ವಾ?"

ಅವನೇ. ಗೆರೆಗಳ ಗುರುತು ಉಳಿಯಬಾರದೆಂದು ತನ್ನ ಕೈಯಾರೆ.

"ನಾಳೆ ಎಂಟು ಗಂಟೆಗೆ ಕಟ್ಟಿಂಗ್ ಮೆಷಿನ್ ಹತ್ತಿರ ಬಂದುಬಿಡು," ಎಂದು ಹೇಳಿ ಮುದ್ದಣ್ಣನವರು ತಮ್ಮ ಕುರ್ಚಿಗೆ ಹೋದರು.

ಖದೀಜಮ್ಮ ಕಾರಿನ ಮುಂದಿನ ಸೀಟಿನಲ್ಲಿ ಆಗಲೇ ಕೂತು ಹಾರನ್ನು ಒತ್ತಿಸುತ್ತಿದ್ದಳು. ಡುಲ್ಸಿನ್ ಕುರ್ಚಿಯಿಂದ ಮೆಲ್ಲನೆ ಎದ್ದು, ದಿಂಬನ್ನು ಸರಿಮಾಡಿ, ಪುಸ್ತಕವನ್ನು ಮೇಜಿನೊಳಗಿಟ್ಟು ಬೀಗ ಹಾಕಿದಳು. ಬ್ಲೇಡನ್ನು ಮಾತ್ರ ಎತ್ತಿ ಕಿಟಕಿಯಿಂದಾಚೆ ಎಸೆದಳು. ಕೆಂಪು ಶಾಯಿಯ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಇನ್ನೂ ಅರ್ಧ ಇತ್ತು.

"ಇವತ್ತಿಗೆ ಒಂದು ದಿನ ಆಯಿತು ದೇವದಾಸಣ್ಣ," ಎಂದಳು, ಬಾಟಲಿಯ ಮುಚ್ಚಳ ತಿರುಗಿಸುತ್ತ. "ನೂರ ಅರುವತ್ತನೆಯ ದಿನಕ್ಕೆ ಯಾವ ಹೆಸರು ಬೇಕು, ಪುರುಸೊತ್ತಿನಲ್ಲಿ ಯೋಚಿಸಿ ಹೇಳಿ. ಬರೆದಿಡುತ್ತೇನೆ."